ಪ್ರತಿಭಾ ಅಕ್ಕನ ಬ್ಯಾಂಡೇಜು

ಪ್ರತಿಭಾ ಅಕ್ಕನಿಗೆ ‘ಬ್ಯಾಂಡೇಜ್ ಅಕ್ಕ’ ಎಂದು ಹೆಸರಿಟ್ಟವಳು ನಾನೇ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದನ್ನು ಹೇಳದೆ ಅವರ ಕಥೆ ಶುರುವಾಗುವುದಿಲ್ಲ.

ಅಕ್ಕ ಧಾರವಾಡದವರು. ನರ್ಸಿಂಗ್ ಓದಿ ಆಸ್ಟ್ರೇಲಿಯಾಕ್ಕೆ ಹೋಗಿ, ಕ್ವೀನ್ಸ್‌ಲ್ಯಾಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಎಮರ್ಜೆನ್ಸಿ ನೋಡಿಕೊಂಡವರು. ಗಂಡ ಬಸವಕುಮಾರ್ ಅವರಿಗೆ ಅಮೆರಿಕದ ಷಾರ್ಲೆಟ್‌ನ ಬ್ಯಾಂಕೊಂದರಲ್ಲಿ ಕೆಲಸವಾದ ಮೇಲೆ, 2021ರಲ್ಲಿ, ಬ್ಯಾಲಂಟೈನ್ ಬಡಾವಣೆಯ ನಮ್ಮ ಬೀದಿಗೆ ಬಂದರು. ಪಾತ್ರೆ ಪಡಗವನ್ನೆಲ್ಲ ಅಲ್ಲೇ ಹಂಚಿ ಬಂದರೂ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜಿನ ಸುರುಳಿಗಳನ್ನು ಮಾತ್ರ ಬಿಟ್ಟು ಬರಲಿಲ್ಲ. ಕಾರಿನಲ್ಲಿ ಎರಡು, ಹ್ಯಾಂಡ್‌ಬ್ಯಾಗಿನಲ್ಲಿ ಎರಡು. ಮೈಸೂರಿನ ನನ್ನ ಬಾಯಿ ಸುಮ್ಮನಿರಬೇಕಲ್ಲ.

“ಲಿಪ್‌ಸ್ಟಿಕ್ ಇಡೋ ಜಾಗದಲ್ಲಿ ಇದೇನಕ್ಕಾ?”

“ಇರ್ಲಿ ಬಿಡವಾ ಇರಮ್. ಹಾವು ಅಪಾಯಿಂಟ್‌ಮೆಂಟ್ ತಗೊಂಡು ಬರೂದಿಲ್ಲ.”

ಮರುವರ್ಷದ ಕನ್ನಡ ಸಂಘದ ಪಿಕ್ನಿಕ್ಕಿಗೆ ಹಾವು ಬಂದೇಬಿಟ್ಟಿತು. ಕೆರೆ ದಂಡೆಯಲ್ಲಿ ಬರಿಗಾಲಲ್ಲಿ ನಿಂತಿದ್ದ ಅಣ್ಣಾಸಾಹೇಬ ಅಂಕಲ್ ಅವರಿಗೆ ಕಾಪರ್‌ಹೆಡ್ ಕಚ್ಚಿತು. ಇಲ್ಲಿನ ಹಿತ್ತಿಲುಗಳಲ್ಲಿ ಆಗಾಗ ಕಾಣುವ ಹಾವು ಅದು. ನಾವೆಲ್ಲ ಕೂಗಾಡುತ್ತಿದ್ದರೆ ಅಕ್ಕ ಅಂಕಲ್‌ರನ್ನು ಮಲಗಿಸಿ, ಬೆರಳಿನಿಂದ ತೊಡೆಯವರೆಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಕಾಲು ಅಲ್ಲಾಡದಂತೆ ಕೋಲು ಕಟ್ಟಿದರು. ಆಸ್ಪತ್ರೆಯ ಡಾಕ್ಟರಮ್ಮ ನೋಡಿದವರೇ ಕತ್ತರಿ ಎತ್ತಿಕೊಂಡರು. ಈ ಹಾವಿನ ವಿಷ ಕಚ್ಚಿದ ಜಾಗವನ್ನೇ ಕೆಡಿಸುತ್ತದೆ, ಹೀಗೆ ಕಟ್ಟಿ ಅಲ್ಲೇ ಹಿಡಿದಿಟ್ಟರೆ ಕಾಲಿಗೇ ಕುತ್ತು ಎಂದು ಅಷ್ಟು ಜನರೆದುರು ಬೈದರು. ಅಂಕಲ್ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಕುಂಟುತ್ತಾ ಮನೆಗೆ ಬಂದರು. ನಾನು ಹೆಸರಿಟ್ಟೆ, ಇಡೀ ವಾಟ್ಸಾಪ್ ಗ್ರೂಪ್ ನಕ್ಕಿತು.

ಅಕ್ಕ ಮುನಿಸಿಕೊಳ್ಳಲಿಲ್ಲ. ಜೋಳದ ರೊಟ್ಟಿ ಬಡಿದುಕೊಂಡು ಅಂಕಲ್ ಮನೆಗೆ ಹೋಗಿ, “ನಂದ ತಪ್ರೀ. ಅಲ್ಲಿ ಹಾವು ಬ್ಯಾರೆ, ಇಲ್ಲಿ ಹಾವು ಬ್ಯಾರೆ. ಯಾವ ಹಾವು ಅಂತ ನಾ ಕೇಳ್ಲೇ ಇಲ್ಲ” ಎಂದರು. ಆಮೇಲೆ ಪರೀಕ್ಷೆಗೆ ಕೂರುವವರಂತೆ ಈ ಸೀಮೆಯ ಹಾವುಗಳ ಬಗ್ಗೆ ಓದಿದರು. ಬ್ಯಾಂಡೇಜುಗಳು ಮಾತ್ರ ಬ್ಯಾಗಿನಲ್ಲೇ ಉಳಿದವು. ಅಷ್ಟಾದರೂ ಬುದ್ಧಿ ಬರಲಿಲ್ಲವಲ್ಲ ಎಂದು ನಾನು ಬೆನ್ನ ಹಿಂದೆ ಆಡಿಕೊಂಡದ್ದೂ ಉಂಟು.

ಕಳೆದ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಕ್ಕ ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಪಕ್ಕದ ಮನೆಯ ವೇಡ್ ನಮ್ಮ ಬಾಗಿಲಿಗೆ ಬಂದ. ಕೇಳದೆಯೇ ನಮ್ಮ ಅಂಗಳದ ಹುಲ್ಲು ಕತ್ತರಿಸಿಕೊಡುವ, ಈದ್ ಬಿರಿಯಾನಿಗೆ ವರ್ಷವಿಡೀ ಕಾಯುವ ಒಳ್ಳೆಯ ಮನುಷ್ಯ. ಗ್ಯಾರೇಜಿನಲ್ಲಿ ಹಾವು ಸಾಕುವುದೊಂದೇ ಅವನ ಹುಚ್ಚು. ಪೆಟ್ಟಿಗೆ ಕ್ಲೀನ್ ಮಾಡುವಾಗ ಒಂದು ಕಚ್ಚಿತು, ನೋವೇನೂ ಇಲ್ಲ, ಕೈ ತೊಳೆದುಕೊಂಡು ನಾನೇ ಆಸ್ಪತ್ರೆಗೆ ಡ್ರೈವ್ ಮಾಡುತ್ತೇನೆ, ನನ್ನ ನಾಯಿಯನ್ನು ನೋಡಿಕೊಳ್ಳಿ ಎಂದ. ಎಡಗೈ ಮೇಲೆ ಸಣ್ಣ ಗೀರು ಬಿಟ್ಟರೆ ಏನೂ ಕಾಣಲಿಲ್ಲ.

ಯಾವ ಹಾವು ಎಂದು ಅಕ್ಕ ಕೇಳಿದರು. ಆಸ್ಟ್ರೇಲಿಯಾದ ಈಸ್ಟರ್ನ್ ಬ್ರೌನ್ ಎಂದ ವೇಡ್. ಅಕ್ಕ ಕಾಫಿ ಲೋಟ ಕೆಳಗಿಟ್ಟು, ಕುರ್ಚಿ ಎಳೆದು ಅವನನ್ನು ಕೂರಿಸಿದರು.

“ಇರಮ್, 911ಕ್ಕ ಫೋನ್ ಮಾಡಿ ಆಂಬುಲೆನ್ಸ್ ಕರಿ. ಹಾವಿನ ಹೆಸರು ಸ್ಪಷ್ಟ ಹೇಳು. ಇವ್ನ ಕೈ ತೊಳಿಲಾಕ ಬಿಡಬ್ಯಾಡ, ಮ್ಯಾಲಿನ ವಿಷ ಟೆಸ್ಟಿಗೆ ಬೇಕಾಗಬಹುದು. ಎದ್ದು ಓಡ್ಯಾಡಾಕೂ ಬಿಡಬ್ಯಾಡ.”

ಅವರು ಬ್ಯಾಗಿಗೆ ಕೈಹಾಕಿದ್ದು ಕಂಡು ನಾನು ಕಿರುಚಿದೆ. “ಅಕ್ಕಾ, ಬೇಡ! ಆವತ್ತು ಡಾಕ್ಟರ್ ಏನಂದ್ರು ಮರೆತ್ರಾ?”

“ಮರ್ತಿಲ್ಲ. ಅದಕ್ಕ ಯಾವ ಹಾವು ಅಂತ ಮೊದ್ಲು ಕೇಳ್ದೆ.”

ಈ ವಿಷ ಕಚ್ಚಿದ ಜಾಗದಲ್ಲಿ ನಿಲ್ಲುವುದಿಲ್ಲ, ಚರ್ಮದಡಿಯಿಂದ ಸಾಗಿ ರಕ್ತ ಸೇರುತ್ತದೆ, ಆಮೇಲೆ ರಕ್ತ ಹೆಪ್ಪುಗಟ್ಟುವುದನ್ನೇ ಮರೆಯುತ್ತದೆ. ಬಿಗಿಯಾಗಿ ಕಟ್ಟಿದ ಕೈ ಅಲ್ಲಾಡದಿದ್ದರೆ ವಿಷ ನಿಧಾನಕ್ಕೆ ಸಾಗುತ್ತದೆ, ಬದುಕಲು ಸಮಯ ಸಿಗುತ್ತದೆ ಎಂದು ಅಕ್ಕ ಸುತ್ತುತ್ತಲೇ ವಿವರಿಸಿದರು. ಬೆರಳಿನಿಂದ ಕಂಕುಳಿನವರೆಗೆ ಸುತ್ತಿ, ನನ್ನ ಚಪಾತಿ ಲಟ್ಟಣಿಗೆಯನ್ನೇ ಇಟ್ಟು ಕಟ್ಟಿದರು. ಕಚ್ಚಿದ ಜಾಗಕ್ಕೆ ಬ್ಯಾಂಡೇಜಿನ ಮೇಲೆ ಪೆನ್ನಿನಿಂದ ದುಂಡಗೆ ಗುರುತು ಹಾಕಿ, ಪಕ್ಕದಲ್ಲಿ 9:40 ಎಂದು ಬರೆದರು.

ಆಂಬುಲೆನ್ಸ್ ಹಿಂದೆಯೇ ನಾವೂ ಹೋದೆವು. ಎಮರ್ಜೆನ್ಸಿಯಲ್ಲಿದ್ದವರು ಅದೇ ಡಾಕ್ಟರಮ್ಮ! ಅಕ್ಕನ ಗುರುತು ಹಿಡಿದರು, ಬ್ಯಾಂಡೇಜ್ ನೋಡಿದರು, ಕತ್ತರಿ ಎತ್ತಿಕೊಂಡರು. ಅಕ್ಕ ಮಂಚಕ್ಕೆ ಅಡ್ಡ ನಿಂತರು.

“ಆವತ್ತು ನೀವು ಸರಿ, ನಾನು ತಪ್ಪು,” ಎಂದರು ಇಂಗ್ಲಿಷಿನಲ್ಲಿ, ದನಿ ಏರಿಸದೆ. “ಇವತ್ತು ಈ ವಿಷಕ್ಕೆ ಔಷಧಿ ಬರುವ ಮೊದಲೇ ಇದನ್ನು ಬಿಚ್ಚಿದರೆ ವಿಷ ಒಮ್ಮೆಗೇ ಮೈಗೇರಿ ಈ ಮನುಷ್ಯ ಸಾಯಬಹುದು. ನನ್ನನ್ನು ನಂಬಬೇಡಿ. ಪಾಯಿಸನ್ ಸೆಂಟರಿಗೆ ಫೋನ್ ಮಾಡಿ ಕೇಳಿ.”

ಒಂದು ಕೈಯಲ್ಲಿ ಕತ್ತರಿ ಹಿಡಿದೇ ಡಾಕ್ಟರಮ್ಮ, ವಿಷದ ಕೇಸುಗಳಿಗೆ ಹಗಲೂ ರಾತ್ರಿ ಸಲಹೆ ಕೊಡುವ ಆ ಸೆಂಟರಿಗೆ ಫೋನ್ ಮಾಡಿದರು. ನಾನು ಮನಸ್ಸಿನಲ್ಲೇ ದುವಾ ಮಾಡುತ್ತಿದ್ದೆ, ವೇಡ್‌ಗಾಗಿಯೂ ಅಕ್ಕನಿಗಾಗಿಯೂ. ಆ ಕಡೆಯವರ ಮಾತು ಕೇಳುತ್ತಾ ಕೇಳುತ್ತಾ ಅವರು ಕತ್ತರಿಯನ್ನು ಟ್ರೇಗೆ ಹಾಕಿದರು.

ಆ ಔಷಧಿ ಇಲ್ಲಿನ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಪಾಯಿಸನ್ ಸೆಂಟರಿನವರು ಹುಡುಕಿದಾಗ ಸಿಕ್ಕಿದ್ದು ದೂರದ ಒಂದು ಮೃಗಾಲಯದಲ್ಲಿ, ತಮ್ಮ ಸಿಬ್ಬಂದಿಗೆಂದು ಇಟ್ಟುಕೊಂಡಿದ್ದದ್ದು. ಹೆಲಿಕಾಪ್ಟರಿನಲ್ಲಿ ಬಂದು ತಲುಪುವಾಗ ಮಧ್ಯಾಹ್ನ ಒಂದೂವರೆ. ಅಷ್ಟರಲ್ಲಿ ವೇಡ್‌ನ ಒಸಡಿನಲ್ಲಿ ರಕ್ತ ಜಿನುಗತೊಡಗಿತ್ತು. ಔಷಧಿ ಮೈಗೆ ಸೇರಿದ ಮೇಲೆ ಡಾಕ್ಟರಮ್ಮ ಅಕ್ಕನನ್ನೇ ಒಳಗೆ ಕರೆದು, ಎದುರಿಗೆ ನಿಲ್ಲಿಸಿಕೊಂಡು, ಮೆಲ್ಲಗೆ ಬಿಚ್ಚಿದರು. ಆರನೆಯ ದಿನ ವೇಡ್ ಮನೆಗೆ ಬಂದ. ಹಾವುಗಳನ್ನೆಲ್ಲ ಅದೇ ಮೃಗಾಲಯಕ್ಕೆ ಕೊಟ್ಟು, ನನ್ನ ಲಟ್ಟಣಿಗೆಯನ್ನು ಹಿಂದಿರುಗಿಸಿದ.

ಮುಂದಿನ ತಿಂಗಳು ತಮ್ಮ ನರ್ಸುಗಳಿಗೆ ಕಟ್ಟುವುದನ್ನು ಕಲಿಸಿಕೊಡಿ ಎಂದು ಡಾಕ್ಟರಮ್ಮನೇ ಅಕ್ಕನನ್ನು ಕರೆಸಿದರು. ತೋರಿಸಲು ಒಂದು ಕಾಲು ಬೇಕಿತ್ತು. ಅಣ್ಣಾಸಾಹೇಬ ಅಂಕಲ್ ತಾವೇ ಬಂದು ಟೇಬಲ್ ಮೇಲೆ ಕಾಲು ಚಾಚಿದರು.

“ಸುತ್ತವಾ. ಈ ಕಾಲಿಗೆ ರೂಢಿ ಐತಿ.”

ಅಕ್ಕ ಸುರುಳಿ ಕೈಗೆತ್ತಿಕೊಂಡು, ಸುತ್ತದೆ ನಿಂತರು. “ಯಾವ ಹಾವು ಕಡದೈತ್ರಿ?”

“ಕಾಪರ್‌ಹೆಡ್,” ಎಂದರು ಅಂಕಲ್, ನಗು ತಡೆದುಕೊಂಡು.

ಅಕ್ಕ ಸುರುಳಿಯನ್ನು ಟೇಬಲ್ ಮೇಲಿಟ್ಟು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಕನ್ನಡ ಬಾರದ ಡಾಕ್ಟರಮ್ಮನೇ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.