ಟರ್ಬೋ ಗಾಡಿಗೆ ಅಕ್ಕಿಕಾಳು

ಇವತ್ತು ಬೆಳಿಗ್ಗೆ, ಸುರಪುರಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದಾಗ, ಹಿಂದಿನ ಓಣಿಯವರೊಬ್ಬರು ಗೇಟಿಗೆ ಬಂದು, "ಟೀಚರ್, ನಿಮ್ಮನ್ಯಾಗ ಪ್ಲಗ್ ಬಿಚ್ಚೋ ಉದ್ದನ ಪಾನಾ ಅದ ಅಂತಲ್ರಿ, ಒಂದಿನದ ಮಟ್ಟಿಗಿ ಕೊಡ್ರಿ" ಎಂದು ಕೇಳಿದರು. ಮಂಚದ ಕೆಳಗಿನ ತಗಡಿನ ಡಬ್ಬಿ ಎಳೆದು ಮುಚ್ಚಳ ತೆಗೆದೆ. ಗ್ರೀಸು, ಪೆಟ್ರೋಲು, ಕರ್ಪೂರ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಪಾನಾ ಕೊಟ್ಟು ಕಳಿಸಿದೆ. ಗ್ರೀಸು, ಪೆಟ್ರೋಲು ಸರಿ, ನಡುವೆ ಕರ್ಪೂರ ಯಾಕೆ ಬಂತು ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಆ ಪಾನಾ ಹಿಡಿದು ನಮ್ಮ ಮನೆಯಲ್ಲಿ ಕಾರಿನ ಪ್ಲಗ್ ಬದಲಿಸಿದ್ದು ಒಂದೇ ಸಲ, ಆದರೆ ಅದರ ಸಡಗರ ಒಂದು ಲಗ್ನಕ್ಕೆ ಕಡಿಮೆ ಇರಲಿಲ್ಲ.

ಮೊದಲು ಗಾಡಿಯ ಕಥೆ. ನಮ್ಮ ಮನೆಯವರು ಇಲ್ಲೇ ಶಹಾಪುರದಲ್ಲಿ ಒಂದು ಕಚೇರಿಯ ಗುಮಾಸ್ತರು. ತಮ್ಮ ಕುರ್ಚಿಯಿಂದ ಟಪಾಲಿನ ಮೇಜಿನವರೆಗೆ ಹೋಗಲೂ ಎರಡು ಸಲ ಯೋಚನೆ ಮಾಡುವ ಮನುಷ್ಯ. ಕಾರು ಮಾತ್ರ ಟರ್ಬೋನೇ ಆಗಬೇಕೆಂದು ಹಟ ಹಿಡಿದರು. ಹೈದರಾಬಾದಿನ ಕಡೆಯಿಂದ ಸೆಕೆಂಡ್ ಹ್ಯಾಂಡ್ ಒಂದು ಬಂತು. ಅದರ ಬೆನ್ನ ಮೇಲೆ ಟರ್ಬೋ ಎಂದು ಬರೆದ ಅಕ್ಷರಗಳನ್ನು ದಿನಾ ಬೆಳಿಗ್ಗೆ ಪಂಚೆಯ ಚುಂಗಿನಿಂದ ಒರೆಸುತ್ತಿದ್ದರು. ಉಳಿದ ಗಾಡಿ ಒರೆಸುವುದು ನನ್ನ ಪಾಲು.

"ಟರ್ಬೋ ಅಂದ್ರ ಏನಪಾ?" ಎಂದು ಅತ್ತೆ ಒಂದು ದಿನ ಮಗನನ್ನು ಕೇಳಿದರು.

"ಯವ್ವಾ, ಅದು ಇಂಜಿನ್ನಿಗಿ ಗಾಳಿ ಒತ್ತಿ ಒತ್ತಿ ತುಂಬ್ತದ. ಸಣ್ಣ ಇಂಜಿನ್ನು ದೊಡ್ಡದರಂಗ ಎಳೀತದ."

ಅತ್ತೆ ಮಗನ ಹೊಟ್ಟೆಯನ್ನೊಮ್ಮೆ ಸಾವಕಾಶವಾಗಿ ನೋಡಿದರು. "ಗಾಳಿ ತುಂಬಿದ್ದು ಮನ್ಯಾಗ ಒಂದು ಇತ್ತಲ್ಲೋ, ಮತ್ತೊಂದು ಯಾಕ ತಂದಿ?" ಅಂದರು. ನಮ್ಮ ಅತ್ತೆ ಮಾತಾಡುವುದೇ ಕಡಿಮೆ, ಆಡಿದರೆ ಹಿಂಗೆ.

ನಲವತ್ತು ದಾಟಿದ ಮೇಲೆ ನಾನು ಗಾಡಿ ಕಲಿತೆ. ಚೆನ್ನಾಗಿ ಕಲಿತೆ ಎಂದು ಹೇಳಲಾರೆ. ನಮ್ಮ ಗೇಟಿನ ಎಡಗಡೆಯ ಕಂಬ ಇವತ್ತಿಗೂ ನನ್ನನ್ನು ಕಂಡರೆ ಒಂದು ಕಡೆ ವಾಲಿಕೊಂಡೇ ನಿಲ್ಲುತ್ತದೆ. ಆದರೂ ಲೈಸೆನ್ಸ್ ಬಂತು, ಗೋಗಿಯ ಶಾಲೆಗೆ ನಾನೇ ಗಾಡಿ ಹೊಡೆದುಕೊಂಡು ಹೋಗತೊಡಗಿದೆ. ಅದಕ್ಕೂ ಮೊದಲು ಟಂಟಂ ಎಂಬ ಶೇರ್ ಆಟೋ. ಟಂಟಂನಲ್ಲಿ ಕೂತವರಿಗೆ ಗೊತ್ತು, ಅರ್ಧ ಶರೀರಕ್ಕೆ ಸೀಟು ಸಿಗುತ್ತದೆ, ಉಳಿದರ್ಧವನ್ನು ದೇವರ ಮೇಲೆ ಭಾರ ಹಾಕಿ ಹೊರಗೆ ಬಿಟ್ಟಿರಬೇಕು. ಅದು ತಪ್ಪಿದ್ದು ಒಂದು ಸುಖ. ಅದಕ್ಕಿಂತ ದೊಡ್ಡ ಸುಖ ಬೇರೆ ಇತ್ತು. ಮಕ್ಕಳಿಗೆ ಒಂದು ಮಾತನ್ನು ಮೂರು ಸಲ ಹೇಳಬೇಕು, ಗಂಡನಿಗೆ ಆರು ಸಲ. ಈ ಗಾಡಿಗೆ ಕಾಲು ಒತ್ತಿದರೆ ಸಾಕು, ತಿರುಗಿ ಮಾತಾಡದೆ ಮುಂದಕ್ಕೆ ಹೋಗುತ್ತಿತ್ತು. ನನ್ನ ಜೀವನದಲ್ಲಿ ಹೇಳಿದ ಕೂಡಲೇ ಕೇಳಿದ್ದು ಅದೊಂದೇ.

ಹೋದ ವರ್ಷ ಸುರಪುರದಲ್ಲಿ ನಾದಿನಿಯ ಮಗುವಿನ ತೊಟ್ಟಿಲು ಕಾರ್ಯ ಇತ್ತು. ನಾನೇ ಗಾಡಿ ಹೊಡೆದೆ. ಪಕ್ಕದಲ್ಲಿ ನಮ್ಮ ಮನೆಯವರು, ಹಿಂದೆ ಅತ್ತೆ. ಊರೊಳಗಿನ ಏರು ಹತ್ತುವಾಗ ಸೆಕೆಂಡ್ ಗೇರಿಗೆ ಹಾಕಿ ಕಾಲು ಒತ್ತಿದೆ. ಟರ್ಬೋ ಎಳೆಯಬೇಕಾದ ಹೊತ್ತಿಗೆ ಸರಿಯಾಗಿ ಗಾಡಿ ಬಿಕ್ಕತೊಡಗಿತು. ನಿಂತಂತಾಗಿ ಜಿಗಿಯಿತು, ಮತ್ತೆ ನಿಂತಂತಾಗಿ ಮತ್ತೆ ಜಿಗಿಯಿತು. ಎದುರಿಗೆ ಒಂದು ಹಳದಿ ದೀಪ ಮಿಣುಕಿತು.

"ಕ್ಲಚ್ ಬಿಡು! ಕ್ಲಚ್ ಒತ್ತು! ಅಯ್ಯಯ್ಯ, ಏನ್ ಮಾಡ್ದಿ!" ಎಂದು ನಮ್ಮ ಮನೆಯವರು ಒಂದೇ ಉಸಿರಿನಲ್ಲಿ ಮೂರು ಹೇಳಿದರು. ಹೇಗೋ ಏರು ಹತ್ತಿದೆವು. ನಾದಿನಿಯ ಮನೆಯ ಪಡಸಾಲೆಯಲ್ಲಿ ಬೀಗರು ಬಿಜ್ಜರು ಎಲ್ಲ ಕೂತಿದ್ದರು. ನಮ್ಮ ಮನೆಯವರು ಅವರ ನಡುವೆ ನಿಂತು ನನ್ನ ಕಡೆ ಕೈಚಾಚಿ, "ತಾ ಇಲ್ಲಿ ಚಾವಿ. ಟರ್ಬೋ ಗಾಡಿ ಹೆಣ್ಮಕ್ಕಳ ಕೈಯಾಗ ಕೊಡಬ್ಯಾಡ ಅಂತ ಮಂದಿ ಹೇಳಿದ್ರು, ನಾನ ಕೇಳಲಿಲ್ಲ. ಕೆಡಿಸಿಟ್ಟಾಳ ನೋಡ್ರಿ" ಅಂದರು. ಚಾವಿ ಅವರ ಅಂಗಿಯ ಜೇಬಿಗೆ ಹೋಯಿತು. ಯಾರೋ ನಕ್ಕರು. ಊಟದ ಹೊತ್ತಿಗೆ ಎಲೆಯಲ್ಲಿದ್ದ ಹೋಳಿಗೆಯನ್ನು ಹಾಗೇ ಬಿಟ್ಟು ಎದ್ದೆ.

ವಾಪಸು ಬರುವಾಗ ಅವರೇ ಹೊಡೆದರು. ಇಳಿಜಾರಿನಲ್ಲಿ ಗಾಡಿ ಬೆಣ್ಣೆಯಂತೆ ಹೋಯಿತು. "ನೋಡಿದ್ಯಾ?" ಅಂದರು. ಇಳಿಜಾರಿನಲ್ಲಿ ಎತ್ತಿನ ಚಕ್ಕಡಿಯೂ ಬೆಣ್ಣೆಯಂತೆಯೇ ಹೋಗುತ್ತದೆ ಎನ್ನುವ ಉತ್ತರ ನನಗೆ ಹೊಳೆದದ್ದು ಮನೆ ಮುಟ್ಟಿ ಪಾತ್ರೆ ತಿಕ್ಕುವಾಗ. ನನ್ನ ಒಳ್ಳೆಯ ಉತ್ತರಗಳೆಲ್ಲ ಬಚ್ಚಲಲ್ಲೇ ಹುಟ್ಟಿದಂಥವು.

ಮತ್ತೆ ಟಂಟಂ ಶುರುವಾಯಿತು. ಶಾಲೆಯಲ್ಲಿ ಯಾರಾದರೂ "ಗಾಡಿ ಎಲ್ರಿ ಟೀಚರ್?" ಎಂದರೆ, "ಸರ್ವಿಸಿಗಿ ಹೋಗ್ಯಾದ್ರಿ" ಅನ್ನುತ್ತಿದ್ದೆ. ಸಿಟ್ಟು ಬಂದಿತ್ತು ನಿಜ. ಸಿಟ್ಟಿಗಿಂತ ಕೆಟ್ಟದ್ದು ಇನ್ನೊಂದಿತ್ತು. ನಿಜಕ್ಕೂ ನಾನೇ ಕೆಡಿಸಿದೆನೇನೋ, ನನ್ನ ಕಾಲೇ ಸರಿಯಿಲ್ಲವೇನೋ ಎಂಬ ಅನುಮಾನ. ಏಳನೆಯ ತರಗತಿಗೆ ವಿಜ್ಞಾನ ಹೇಳುವಾಕೆ ನಾನು, ನನ್ನ ಕಾಲಿನ ಮೇಲೇ ನನಗೆ ನಂಬಿಕೆ ಹೋಗಿತ್ತು. ಒಂದು ದಿನ ಟಂಟಂ ಅಂಚಿನಲ್ಲಿ ಕೂತು ಧೂಳು ತಿನ್ನುತ್ತಾ ಬಂದವಳು ಮನೆಗೆ ಬಂದು ಅತ್ತುಬಿಟ್ಟೆ.

ಕೆಲವು ವಾರ ಕಳೆದ ಮೇಲೆ ನಮ್ಮ ಮನೆಯವರು ಘೋಷಣೆ ಮಾಡಿದರು. "ಪ್ಲಗ್ ಹೋಗ್ಯಾವ. ನೀ ಹೊಡದ ರೀತಿಗಿ ಅವು ಉಳೀತಾವೇನು? ಮನ್ಯಾಗ ನಾನ ಬದಲಿ ಮಾಡ್ತೀನಿ."

"ಗ್ಯಾರೇಜಿಗಿ ಒಯ್ಯಬಾರದೇನ್ರಿ?"

"ಗ್ಯಾರೇಜಿನವ್ರು ನೂರಾ ಎಂಟು ಕೇಳ್ತಾರ. ಯಾವಾಗಿಂದ ಹಿಂಗಾಗ್ಯಾದ, ಎಲ್ಲಿ ಆಗ್ಯಾದ. ಬ್ಯಾಡ. ನಾ ಮೊಬೈಲ್‌ನಾಗ ಎಲ್ಲಾ ನೋಡೀನಿ. ಹೊಸ ಪ್ಲಗ್ ಹಾಕಿದ್ ಮ್ಯಾಲ ನನ್ನ ಕೈಯಾಗ ಗಾಡಿ ಸರಿ ಓಡ್ತಂದ್ರ, ತಪ್ಪು ನಿಂದೇ ಅಂತ ಆತು. ಚಾವಿ ಮಾತು ಮತ್ತ ಎತ್ತಬಾರದು ನೋಡು."

ಈ ನ್ಯಾಯವನ್ನು ಕೇಳಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗಾಡಿ ರಿಪೇರಿಯಾದರೆ ನಾನು ತಪ್ಪಿತಸ್ಥಳು, ಆಗದಿದ್ದರೆ ಮೊದಲೇ ತಪ್ಪಿತಸ್ಥಳು.

ಅಮಾವಾಸ್ಯೆ ಭಾನುವಾರ ಕೂಡಿ ಬಂದ ದಿನ ಮುಹೂರ್ತ ನಿಶ್ಚಯವಾಯಿತು. ಯಾದಗಿರಿಯಿಂದ ಪ್ಲಗ್ಗೂ ಪಾನಾನೂ ಬಂದಿದ್ದವು. ನಮ್ಮ ಮನೆಯವರು ಬನಿಯನ್ನು, ಲುಂಗಿ, ನಾನು ಪಾತ್ರೆ ತೊಳೆಯುವ ಹಳದಿ ಕೈಗವಸು ಹಾಕಿಕೊಂಡು ಬಾನೆಟ್ ಎತ್ತಿದರು. ಬಾನೆಟ್ ಎತ್ತಿದ ಮನೆಗೆ ಕರೆಯದೆಯೇ ಜನ ಬರುತ್ತಾರೆ ನೋಡಿ. ಮೊದಲು ಬಂದವರು ಪಕ್ಕದ ಮನೆಯ ಖಾದರ್ ಚಾಚಾ. ಆಯುಷ್ಯವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು.

"ಪ್ಲಗ್ ಇರೋ ಗಾಡಿ ಗಾಡಿನೇ ಅಲ್ಲ ಬೇಟಿ," ಎಂದು ಚಾಚಾ ಕುರ್ಚಿ ಎಳೆದುಕೊಂಡು ಕೂತರು. "ನಮ್ದೆಲ್ಲಾ ಡೀಜಲ್. ಪ್ಲಗ್ಗಿನ ಮಾರಿ ನಾ ನೋಡೇ ಇಲ್ಲ." ಹೀಗೆ ಅಂದವರು ಮುಂದೆ ಮಧ್ಯಾಹ್ನದವರೆಗೂ ಪ್ಲಗ್ಗಿನ ಬಗ್ಗೆ ಸಲಹೆ ಕೊಟ್ಟರು.

ಇಂಜಿನ್ನಿನ ಮೇಲೆ, ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಮೂರು ಕರಿಯ ಕಾಯಿಲ್‌ಗಳು ಟೊಪ್ಪಿಗೆ ಹಾಕಿಕೊಂಡಂತೆ ಕೂತಿದ್ದವು. ಅವುಗಳ ಕೆಳಗೆ ಆಳದ ತೂತಿನೊಳಗೆ ಪ್ಲಗ್ಗು. ಒಂದು ಬಿಚ್ಚಿ, ಹೊಸದು ಹಾಕಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿರಿ ಎಂದು ಮೊಬೈಲಿನ ಮನುಷ್ಯ ಹಿಂದಿಯಲ್ಲಿ ಬಡಕೊಳ್ಳುತ್ತಿದ್ದ. ನಮ್ಮವರು ಅವನಿಗಿಂತ ಮುಂದೆ. ಸೈಕಲ್ ಪಂಪಿನಿಂದ ಧೂಳು ಊದಿ ಮೂರನ್ನೂ ಒಮ್ಮೆಲೇ ಬಿಚ್ಚಿ ಇಟ್ಟರು. ಬಿಚ್ಚಿದವು ಹಾಳೆಯ ಮೇಲೆ, ಹೊಸವು ಪೂಜೆಯ ತಟ್ಟೆಯಲ್ಲಿ. ಅಮಾವಾಸ್ಯೆಯ ದಿನ ಪೂಜೆಯಿಲ್ಲದೆ ಹೊಸ ಸಾಮಾನು ಗಾಡಿಗೆ ಹಾಕಲುಂಟೇ? ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ. ಕರ್ಪೂರ ಹಚ್ಚಿದ ಕೂಡಲೇ ಚಾಚಾ ಕುರ್ಚಿ ಸಮೇತ ಹಿಂದೆ ಸರಿದರು. "ಅರೆ ಶರಣಪ್ಪಾ, ಪೆಟ್ರೋಲ್ ಅದಪ್ಪಾ, ದೂರ ಹಚ್ಚು!" ನಮ್ಮವರು ತಟ್ಟೆಯನ್ನು ಪಾನಾದ ಡಬ್ಬಿಯ ಪಕ್ಕಕ್ಕೆ ಸರಿಸಿ ಬೆಳಗಿದರು. ಉಳಿದ ಕರ್ಪೂರವನ್ನು ಆ ಡಬ್ಬಿಯಲ್ಲೇ ಹಾಕಿಟ್ಟರು.

"ರೀ, ಆ ತೂತು ಮೊದಲು ಮುಚ್ಚರಿ," ಅಂದೆ ನಾನು.

"ದೇವರ ಕೆಲಸದಾಗ ಬಾಯಿ ಹಾಕಬ್ಯಾಡ," ಎಂದು ಅರಿಷಿಣ ಹಚ್ಚಿದ ಅಕ್ಕಿಕಾಳನ್ನು ಒಂದು ಮುಷ್ಟಿ ಹಿಡಿದು, ಕಣ್ಣು ಮುಚ್ಚಿ, ಭಕ್ತಿಯಿಂದ ಇಂಜಿನ್ನಿನ ಮೇಲೆ ಎರಚಿಬಿಟ್ಟರು.

ಸಣ್ಣಗೆ ಟಿಣ್ ಎಂದು ಸದ್ದಾಯಿತು.

"ಒಂದೂ ಒಳಗ ಹೋಗಿಲ್ಲ," ಅಂದರು ನಮ್ಮವರು, ಇನ್ನೂ ಕಣ್ಣು ತೆರೆಯದೆ.

"ಹೋಗ್ಯಾವಪ್ಪಾ, ನಾ ಕಣ್ಣಾರೆ ನೋಡೀನಿ," ಅಂದರು ಚಾಚಾ.

ಮೊಬೈಲಿನ ಟಾರ್ಚು ಹಾಕಿ ನೋಡಿದರೆ, ನಡುವಿನ ತೂತಿನೊಳಗೆ ಹಳದಿ ಕಾಳು ಕಾಣುತ್ತಿದ್ದವು. ವಿಡಿಯೋ ಹಿಂದೆ ಮುಂದೆ ಓಡಿಸಿದ್ದಾಯಿತು. ಇಂಜಿನ್ನಿಗೆ ಅಕ್ಕಿಕಾಳು ಬಿದ್ದರೆ ಏನು ಮಾಡಬೇಕೆಂದು ಆ ಪುಣ್ಯಾತ್ಮ ಎಲ್ಲೂ ಹೇಳಿರಲಿಲ್ಲ. ಅವನ ಕಡೆ ಇಂಜಿನ್ನಿಗೆ ಲಗ್ನ ಮಾಡುವ ಪದ್ಧತಿ ಇಲ್ಲವೆಂದು ಕಾಣುತ್ತದೆ.

ಬಾಯಿ ಹಾಕಬೇಡ ಎಂದಿದ್ದರೂ ಹಾಕಿದೆ. ಗಾಡಿಯೊಳಗಿನ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಕಾಯಿಲ್‌ಗಳನ್ನು ದೂರ ಇಟ್ಟು ಸೆಲ್ಫ್ ಹೊಡೆದರೆ ಪಿಸ್ಟನ್ನು ಗಾಳಿಯನ್ನು ಒತ್ತುತ್ತದೆ, ಕಾಳು ತಾವಾಗಿ ಹೊರಗೆ ಬರುತ್ತವೆ ಎಂದೆ. ಚಾಚಾ ಹೌದೆಂದು ತಲೆಯಾಡಿಸಿದರು. ಸೆಲ್ಫ್ ಹೊಡೆಯುವವರು ಯಾರು? ಟಾರ್ಚು ಹಿಡಿದು ತೂತು ನೋಡುವ ಘನಕಾರ್ಯವನ್ನು ನಮ್ಮವರು ಬೇರೆಯವರಿಗೆ ಬಿಡಲಾರರು. ಒಂದು ಗಳಿಗೆ ಹಿಂದೆ ಮುಂದೆ ನೋಡಿ, ಚಾವಿ ನನ್ನ ಕೈಗೆ ಕೊಟ್ಟರು.

"ಬರೇ ತಿರುವು. ಮತ್ತೇನೂ ಮುಟ್ಟಬ್ಯಾಡ."

ತಿರುವಿದೆ. ಫಟ್ ಫಟ್ ಎಂದು ಕಾಳು ಮೇಲಕ್ಕೆ ಹಾರಿದವು. ಚಾಚಾರ ಬಿಳಿ ಗಡ್ಡದಲ್ಲಿ ಒಂದಿಷ್ಟು, ನಮ್ಮವರ ಬೋಳು ನೆತ್ತಿಯ ಮೇಲೆ ಒಂದಿಷ್ಟು. ಇಬ್ಬರೂ ಮದುಮಕ್ಕಳಂತೆ ಅಕ್ಕಿಕಾಳು ಹಾಕಿಸಿಕೊಂಡು ಕಣ್ಣು ಪಿಳುಕಿಸುತ್ತಾ ನಿಂತರು. ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಿದ್ದ ಅತ್ತೆ, "ಆತು, ಇನ್ನ ಊಟಕ್ಕ ಏಳ್ರಿ" ಅಂದರು. ಟಾರ್ಚಿಗೆ ಒಂದು ಕಾಳೂ ಕಾಣದಷ್ಟು ಸಲ ಮತ್ತೆ ಮತ್ತೆ ತಿರುವಿದೆ. ತಿರುವಲು ನನಗೇನು ಬೇಜಾರಿರಲಿಲ್ಲ.

ಗಾಡಿಯಿಂದಿಳಿದು ಹಾಳೆಯ ಮೇಲಿದ್ದ ಹಳೆಯ ಪ್ಲಗ್ಗನ್ನು ಕೈಗೆ ತೆಗೆದುಕೊಂಡೆ. ಹೊಸದರ ಪಕ್ಕ ಹಿಡಿದೆ. ಹೊಸದರಲ್ಲಿ ಎರಡು ತುದಿಗಳ ನಡುವೆ ಉಗುರು ತೂರುವಷ್ಟೂ ಸಂದಿಲ್ಲ. ಹಳೆಯದು ಸವೆದು ಸವೆದು ಬಾಯಿ ಬಿಟ್ಟುಕೊಂಡಿತ್ತು. ಅತ್ತೆ ಎದ್ದು ಬಂದು ಕನ್ನಡಕ ಏರಿಸಿ ನೋಡಿ, "ಇದರ ಹಲ್ಲು ಸವದಾವಲ್ಲೇ" ಅಂದರು.

"ಹೌದ್ರಿ ಅತ್ತಿ. ಏರು ಬಂದಾಗ ಟರ್ಬೋ ಗಾಳಿ ಒತ್ತಿ ತುಂಬ್ತದ. ಅಷ್ಟು ಗಾಳ್ಯಾಗ ಇಷ್ಟು ದೂರ ಕಿಡಿ ಹಾರಂಗಿಲ್ಲ. ಅದಕ್ಕ ಬಿಕ್ಕಿದ್ದು," ಅಂದೆ. ಇಷ್ಟು ಸವೆಯಲು ವರ್ಷಗಟ್ಟಲೆ ಬೇಕು. ನಾನು ಗಾಡಿ ಹೊಡೆದದ್ದು ಕೆಲವೇ ತಿಂಗಳು.

ಚಾಚಾ ಗಡ್ಡದ ಕಾಳು ಕೊಡವುತ್ತಾ ಕೇಳಿದರು. "ಯಾವಾಗಿಂದ ಜಿಗ್ಯಾಕತ್ತಿತ್ತು ಶರಣಪ್ಪಾ?"

"ಇಕಿ ಸುರಪುರ ಏರು ಹತ್ತಿಸಿದಾಗಿಂದ," ಅಂದರು ನಮ್ಮವರು.

"ಸುಳ್ಳ್ ಯಾಕ ಹೇಳ್ತಿಯೋ?" ಅತ್ತೆಯ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಅದಕ್ಕೂ ಮೊದಲ ನನ್ನ ಕೊಡೇಕಲ್ಲಿಗಿ ಕರಕೊಂಡು ಹೋದಾಗ ನಿನ್ನ ಕೈಯಾಗ ಜಿಗಿದಿಲ್ಲೇನು? ಮುಂದಿನ ಸೀಟಿಗಿ ಹಣಿ ಬಡಕೊಂಡೆ ನಾನು. 'ಯವ್ವಾ, ಮನ್ಯಾಗ ಹೇಳಬ್ಯಾಡ' ಅಂದ್ಯಲ್ಲ."

ಚಾಚಾ ಆಕಾಶ ನೋಡಿದರು. ನಾನು ಗಂಡನ ಮುಖ ನೋಡಿದೆ. ಗೊತ್ತಿತ್ತು. ಪಡಸಾಲೆಯಲ್ಲಿ ಎಲ್ಲರೆದುರು ಕೈಚಾಚಿದಾಗಲೂ ಅವರಿಗೆ ಗೊತ್ತಿತ್ತು. ಗ್ಯಾರೇಜು ಯಾಕೆ ಬೇಡವಾಗಿತ್ತೆಂದು ನನಗೂ ಆಗ ಗೊತ್ತಾಯಿತು.

"ರಸ್ತಾ ಖರಾಬ್ ಇತ್ತು," ಎಂದು ಗೊಣಗಿ ಅವರು ಹಳದಿ ಕೈ ಚಾಚಿದರು. "ಚಾವಿ ತಾ. ಪ್ಲಗ್ ಹಾಕ್ತೀನಿ."

"ಪ್ಲಗ್ ಹಾಕಾಕ ಚಾವಿ ಯಾಕ ಬೇಕ್ರಿ?" ಅಂದೆ. ಅದೊಂದು ಸಲ ಉತ್ತರ ಬಚ್ಚಲಿನವರೆಗೆ ಕಾಯಲಿಲ್ಲ. ಚಾವಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ವಿಭೂತಿ ಒರೆಸಿ, ಮೊದಲು ಕೈಯಿಂದ ತಿರುವಿ, ಆಮೇಲೆ ಪಾನಾ ಹಚ್ಚಿ ಅವರೇ ಬಿಗಿದರು. ಆ ಕೆಲಸವನ್ನು ಚೆನ್ನಾಗಿಯೇ ಮಾಡಿದರು, ಸುಳ್ಳು ಹೇಳಬಾರದು. ಸಂಜೆ ನಾನೇ ಹೊಡೆದೆ, ಪಕ್ಕದಲ್ಲಿ ಅತ್ತೆ, ಹಿಂದೆ ನಮ್ಮವರು, ಮೂವರೂ ಸುರಪುರದವರೆಗೆ ಹೋದೆವು. ಗಾಡಿ ಏರನ್ನು ಬಿಕ್ಕದೆ ಬಿರುಸಾಗಿ ಹತ್ತಿತು. ನನ್ನ ಕಣ್ಣು ತುಂಬಿ ಬಂದವು. ನಾದಿನಿಯ ಮನೆಯ ಕಡೆ ತಿರುಗಿಸಬೇಕು ಎನ್ನುವಾಗ ಹಿಂದಿನ ಸೀಟಿನಿಂದ, "ಇವತ್ತ ಬ್ಯಾಡ, ಹೊತ್ತಾಗ್ಯಾದ" ಎಂದು ದನಿ ಬಂತು. ಹೊತ್ತು ಇನ್ನೂ ಮುಳುಗಿರಲಿಲ್ಲ.

ಮರುದಿನ ಅತ್ತೆಯನ್ನು ಕೇಳಿದೆ. "ಅವತ್ತೇ ಯಾಕ ಹೇಳಲಿಲ್ಲ ಅತ್ತಿ? ಇಷ್ಟು ದಿನ ಟಂಟಂನಾಗ ಹೋಗೀನಿ ನಾನು."

"ಹೇಳಿದ್ರ ಯಾರ ನಂಬತಿದ್ರು? ಮುದುಕಿಗಿ ಇಂಜಿನ್ ಏನ್ ತಿಳೀತದ ಅಂತಿದ್ದ ಅವ. ಸವದಿದ್ದು ಎಲ್ಲಾರ ಕಣ್ಣಿಗಿ ಬೀಳಲಿ ಅಂತ ಸುಮ್ಮನಿದ್ದೆ." ನನಗೆ ಅತ್ತೆಯ ಮೇಲೂ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಖರೆ. ಇಬ್ಬರು ಹೆಂಗಸರ ಬಾಯಿಗಿಲ್ಲದ ಬೆಲೆ ನಮ್ಮ ಮನೆಯಲ್ಲಿ ಮೂರು ಸವೆದ ಪ್ಲಗ್ಗಿಗಿತ್ತು.

ಇವತ್ತು ಅದೇ ಮಗುವಿನ ಜವಳ. ಪಾನಾ ಕೊಟ್ಟು ಕಳಿಸಿ, ಅತ್ತೆಯನ್ನು ಮುಂದೆ, ಗಂಡನನ್ನು ಹಿಂದೆ ಕೂಡಿಸಿಕೊಂಡು ನಾನೇ ಗಾಡಿ ಹೊಡೆದೆ. ಅದೇ ಪಡಸಾಲೆ, ಅದೇ ಬೀಗರು. ನಾದಿನಿ ಬಾಗಿಲಿಗೆ ಬಂದು, "ವೈನಿ, ನೀವೇ ಹೊಡಕೊಂಡು ಬಂದ್ರೇನು? ಅಣ್ಣ ಚಾವಿ ಕಸ್ಕೊಂಡಿದ್ದನಲ್ಲ?" ಎಂದು ನಕ್ಕಳು.

ನಾನು ಬಾಯಿ ತೆರೆಯುವುದರೊಳಗೆ ನಮ್ಮವರು, "ಈಗ ಛಲೋ ಹೊಡೀತಾಳ. ನಾನ ಕಲಿಸೀನಲ್ಲ" ಅಂದರು.

ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ಒಂದು ವರ್ಷ ನಾನು ಕಾದದ್ದು ಈ ಮಾತಿಗಲ್ಲ. "ಪ್ಲಗ್ಗಿಂದೂ ಹೇಳ್ರಿ," ಅಂದೆ. ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಮಗನನ್ನು ನೋಡಿದರು. ನಮ್ಮವರು ಗಂಟಲು ಸರಿಮಾಡಿಕೊಂಡರು, ಚಾಪೆಯ ಅಂಚು ಎಳೆದರು, ಕೊನೆಗೆ ನೆಲಕ್ಕೆ ಹೇಳುವಂತೆ, "ಅವತ್ತ ಪ್ಲಗ್ ಸವದಿದ್ವು... ಇಕಿ ತಪ್ಪಿರಲಿಲ್ಲ" ಅಂದರು.

"ಜೋರಾಗಿ ಹೇಳ್ರಿ," ಅಂದೆ. "ಚಾವಿ ಕಸ್ಕೊಂಡ ದಿನ ದನಿ ಇಷ್ಟು ಸಣ್ಣ ಇರಲಿಲ್ಲ."