ಬಸವ ಬಿಟ್ಟ ಹಾಡು

ಹೊಣಕೆರೆಯ ಜಯಲಕ್ಷ್ಮಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರವರು ಹೇಳುತ್ತಿದ್ದುದು ಬರೀ ಮರ್ಯಾದೆಗೆ. ಮೂಗಿನ ತನಕ ಹೋಗಿ ಕಾದು ಕೂರುವಷ್ಟು ಪುರುಸೊತ್ತು ಆ ಕೋಪಕ್ಕೆ ಇರಲಿಲ್ಲ. ಡೈರಿಯವನು ಹಾಲಿಗೆ ನೀರು ಬೆರೆಸಿದ್ದೀಯ ಎಂದರೆ ಬೈಗುಳ, ಕಂಡಕ್ಟರು ಚಿಲ್ಲರೆ ಇಲ್ಲವೆಂದರೆ ಬೈಗುಳ, ಸುಮ್ಮನೆ ನಿಂತವನಿಗೂ ಯಾಕೆ ಸುಮ್ಮನೆ ನಿಂತಿದ್ದೀಯ ಎಂದು ಬೈಗುಳ. ಆದರೂ ನಾಗಮಂಗಲದಿಂದ ಪಾಂಡವಪುರದವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಮೊದಲ ಕರೆ ಅವಳಿಗೇ. ಆ ಬಾಯಿ ಬೈಯುವುದು ಬಿಟ್ಟು ಸೋಬಾನೆ ಹೇಳಲು ಶುರು ಮಾಡಿದರೆ ಚಪ್ಪರದ ಮೂಲೆಯಲ್ಲಿ ಇಸ್ಪೀಟಾಡುವ ಗಂಡಸರೂ ಎಲೆ ಮಗುಚಿಟ್ಟು ಕಿವಿ ಕೊಡುತ್ತಿದ್ದರು.

ಹಳೆಯ ಪದ ಹೇಳುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಜಯಲಕ್ಷ್ಮಮ್ಮ ತಾನೇ ಹೊಸದು ಕಟ್ಟುತ್ತಿದ್ದಳು. ಬೀಗರನ್ನು ಹಂಗಿಸುವುದು, ಗಂಡಿನ ಮೀಸೆಯನ್ನು ಗೇಲಿ ಮಾಡುವುದು ಎಲ್ಲವೂ ಇದ್ದವು. ಆದರೆ ಜನ ಬೇಡಿ ಹೇಳಿಸಿಕೊಳ್ಳುತ್ತಿದ್ದುದು ಹೆಣ್ಣೊಪ್ಪಿಸುವ ಪದವನ್ನು. ಹುಡುಗಿಯ ಕೈಯನ್ನು ಅತ್ತೆಯ ಕೈಗಿಡುವ ಹೊತ್ತಿನಲ್ಲಿ ಹೇಳುವುದು ಅದು:

ಉಪ್ಪು ಹೆಚ್ಚಾದರೆ ಬಯ್ಯಬ್ಯಾಡಿ ಬೀಗರೆ,
ನಮ್ಮ ಗೌರಿ ಇನ್ನೂ ಕೈಯಳತೆ ಕಲಿತಿಲ್ಲ...

ಗೌರಿಯ ಮದುವೆಯಾದರೆ ಗೌರಿ, ಮಂಜುಳೆಯದಾದರೆ ಮಂಜುಳ. ಹೆಸರು ಬಿದ್ದ ಕೂಡಲೇ ಹುಡುಗಿಯ ಕಣ್ಣಲ್ಲಿ ನೀರು, ತಾಯಿಯ ಕಣ್ಣಲ್ಲಿ ನೀರು, ಅಲ್ಲಿಯವರೆಗೆ ವರದಕ್ಷಿಣೆಗೆ ಕೊಂಕು ಮಾತಾಡುತ್ತಿದ್ದ ಅತ್ತೆಯ ಕಣ್ಣಲ್ಲೂ ನೀರು. ಪಕ್ಕದ ಮನೆಯ ಚಲುವಮ್ಮ ಪ್ರತಿ ಸಾಲನ್ನೂ ಹಿಂದಿನಿಂದ ಎತ್ತಿಕೊಂಡು ಹೇಳುತ್ತಿದ್ದಳು. ಇಬ್ಬರೂ ಸೊಸೆಯರಾಗಿ ಆ ಊರಿಗೆ ಬಂದಾಗಿನಿಂದ ಜೋಡಿ.

ಈ ಚಲುವಮ್ಮನ ಮಗ ರಘುನಂದನ್. ಕೆ.ಆರ್. ಪೇಟೆಯಲ್ಲಿ ಕ್ಯಾಸೆಟ್ ಕಂಪನಿ ಅಂತ ಒಂದು ಬೋರ್ಡು ಹಾಕಿ ಕೂತಿದ್ದ. ತೊಂಬತ್ತೈದರಲ್ಲಿ ಒಂದು ದಿನ ಊರಿಗೆ ಬಂದು, "ದೊಡ್ಡವ್ವ, ನಿನ್ ಪದ ಎಲ್ಲಾ ಕ್ಯಾಸೆಟ್ಟಿಗೆ ತುಂಬಿಸ್ಬುಟ್ರೆ ನೀನು ಸತ್ಮೇಲೂ ಉಳೀತವೆ" ಎಂದ.

"ನಾನ್ ಸಾಯದು ನಿಂಗ್ಯಾಕ್ಲಾ ಅಷ್ಟು ಅರ್ಜೆಂಟು?" ಎಂದಳು. ಆದರೂ ಹೋದಳು. ಹೆಣ್ಣೊಪ್ಪಿಸುವ ಪದ ಬಂದಾಗ ಯಾರ ಹೆಸರು ಹಾಕಲಿ ಎಂದು ಕೇಳಿದಳು. ಯಾವುದಾದರೂ ಹಾಕು ಎಂದ. ಬಾಯಿಗೆ ಬಂದಿದ್ದು ಶ್ವೇತ. ಅವನು ಒಂದು ಸೀರೆ ಕೊಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಸೀರೆ ಮುಟ್ಟಿದ್ದಕ್ಕೆ ಸಹಿ ಎಂದುಕೊಂಡು ಇವಳೂ ಹಾಕಿದಳು.

ಆ ಸಹಿ ಯಾತಕ್ಕೆಂದು ಗೊತ್ತಾಗಿದ್ದು ಮಾರನೇ ವರ್ಷ, ಚಿನಕುರಳಿಯ ಮದುವೆಯೊಂದರಲ್ಲಿ. ಮೈಕ್ ಸೆಟ್ಟು ಪಾಂಡವಪುರದ ಹಸೀಬನದು. ಜಯಲಕ್ಷ್ಮಮ್ಮ ಇನ್ನೂ ಹೆಣ್ಣೊಪ್ಪಿಸುವ ಪದದ ಮೊದಲ ಸಾಲಿನಲ್ಲಿದ್ದಾಗಲೇ ಮೈಕು ಸತ್ತುಹೋಯಿತು. ತಿರುಗಿ ನೋಡಿದರೆ ಕಂಪನಿಯ ಒಬ್ಬ ಆಸಾಮಿ ವೈರು ಕಿತ್ತು ಕೈಯಲ್ಲಿ ಹಿಡಿದಿದ್ದ.

"ಇದು ಕಂಪ್ನಿ ಹಾಡು ಕಣಮ್ಮ. ಮೈಕಲ್ಲಿ ಹಾಡ್ಬೇಕು ಅಂದ್ರೆ ಪರ್ಮಿಷನ್ ಬೇಕು."

"ಕಂಪ್ನಿ ಕಟ್ಟಿತ್ತೇನ್ಲಾ ಇದ್ನ? ನಾನು ಕಟ್ಟಿದ್ದು. ನಮ್ಮ ಕೊಟ್ಗೇಲಿ ಸಗಣಿ ಬಾಚ್ತಾ ಕಟ್ಟಿದ್ದು."

ಹೆಣ್ಣು ಒಪ್ಪಿಸುವುದು ಅಲ್ಲಿಗೇ ನಿಂತಿತ್ತು. ಮದುವೆ ಹುಡುಗಿಯ ಕೈ ಅತ್ತೆಯ ಕೈಯಲ್ಲಿ, ಎಲ್ಲರ ಬಾಯಿ ತೆರೆದೇ ಇತ್ತು. ಅಷ್ಟು ಜನರೆದುರು ತನ್ನ ಗಂಟಲಿಗೆ ಕೈ ಹಾಕಿದರಲ್ಲ ಎಂದು ಜಯಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಸಿಕ್ಕಿದ ಬಸ್ಸು ಹತ್ತಿ ಕೆ.ಆರ್. ಪೇಟೆಗೆ ಹೋದಳು. ರಘುನಂದನ್ ಎದ್ದು ಕುರ್ಚಿ ಕೊಟ್ಟ, ಟೀ ತರಿಸಿದ. "ಸೈನ್ ಮಾಡಿದ್ದೀಯಲ್ಲ ದೊಡ್ಡವ್ವ. ಅದೆಲ್ಲಾ ಕಂಪ್ನಿದೇ ಈಗ. ನೀನು ಮನೇಲಿ ಹಾಡ್ಕೊ, ನಾನೇನು ಬೇಡ ಅಂತೀನಾ?" ಎಂದು ನಗುನಗುತ್ತಾ ಹೇಳಿದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ತನ್ನ ಪದವನ್ನು ತನ್ನ ಮನೆಯಲ್ಲಿ ಹೇಳಿಕೊಳ್ಳಲು ತಾನು ಎತ್ತಿ ಆಡಿಸಿದ ಹುಡುಗ ಅಪ್ಪಣೆ ಕೊಡುತ್ತಿದ್ದಾನೆ! ಟೀ ಲೋಟವನ್ನು ಮುಟ್ಟದೆ ಎದ್ದು ಬಂದಳು. ಊರಿಗೆ ಹೋಗದೆ ನೇರ ಪಾಂಡವಪುರಕ್ಕೆ, ಹಸೀಬನ ಅಂಗಡಿಗೆ ಹೋದಳು. ಹಸೀಬನ ಬಳಿ ಕ್ಯಾಸೆಟ್ಟು ತುಂಬುವ ಎರಡು ಮಿಷಿನ್ನಿದ್ದವು.

"ನನ್ ಪದ ಎಲ್ಲಾನೂ ಮತ್ತೆ ತುಂಬು," ಎಂದಳು.

"ಅಕ್ಕಾ, ಅಲ್ಲಾ ಕಸಮ್, ನಂಗೆ ಕೋರ್ಟು ಕಚೇರಿ ಎಲ್ಲಾ ಬ್ಯಾಡ."

"ಎದ್ರುಕೆ ಆದ್ರೆ ನೀನು ಆಚೆ ನಿಂತ್ಕೊ. ಆ ಮಿಸಿನ್ನು ಎಲ್ಲಿ ಒತ್ತದು ಅಂತ ತೋರ್ಸು, ನಾನೇ ಒತ್ಕತೀನಿ."

ಹಸೀಬ ಆಚೆ ನಿಲ್ಲಲಿಲ್ಲ. ಬಾಗಿಲು ಮುಂದೆ ಮಾಡಿ ತಾನೇ ಗುಂಡಿ ಒತ್ತಿದ. ಜಯಲಕ್ಷ್ಮಮ್ಮ ಹಾಡುವ ಮೊದಲು, ಜಗಳಕ್ಕೆ ನಿಂತವಳ ದನಿಯಲ್ಲೇ ಹೇಳಿದಳು:

"ನಾನು ಒಣಕೆರೆ ಜಯಲಕ್ಷ್ಮಮ್ಮ. ಈ ಪದಗಳ್ನ ಬಸವ ಬುಟ್ಟಿವ್ನಿ. ಬಸವನ್ನ ದೇವ್ರಿಗೆ ಬುಟ್ಮೇಲೆ ಯಾರ್ ಒಲದಲ್ಲಾದ್ರೂ ಮೇಯ್ತದೆ, ಯಾರೂ ಅದ್ಕೆ ಅಗ್ಗ ಆಕಂಗಿಲ್ಲ. ಇದೂ ಅಂಗೇಯ. ಯಾರ್ ಬೇಕಾದ್ರೂ ಯೋಳ್ಕಳಿ, ತುಂಬ್ಕಳಿ, ಎಸ್ರು ಬದ್ಲಾಯ್ಸ್ಕಳಿ, ಎಲ್ಡು ಸಾಲು ಸೇರ್ಸ್ಕಳಿ. ಆದ್ರೆ ನೀನು ಯೋಳ್ಬ್ಯಾಡ ಅಂತ ಇನ್ನೊಬ್ರ ಬಾಯಿ ಮುಚ್ಸಂಗಿಲ್ಲ. ನಾನೂ ಮುಚ್ಸಂಗಿಲ್ಲ."

ಆ ಕ್ಯಾಸೆಟ್ಟು ಕೈಯಿಂದ ಕೈಗೆ ಹೋಯಿತು. ಚಿನಕುರಳಿಯ ಕಲ್ಲಿನ ಲಾರಿಗಳಲ್ಲಿ ಹೋಯಿತು, ಸಂತೆಗೆ ಹೋಯಿತು. ಒಬ್ಬರು ತುಂಬಿಸಿಕೊಂಡದ್ದನ್ನು ಇನ್ನೊಬ್ಬರು ತುಂಬಿಸಿಕೊಂಡರು. ಕೇಳಿದವರೆಲ್ಲ ಮೊದಲು ಆ ಗದರಿಕೆಯನ್ನು ಕೇಳಿ ಆಮೇಲೆ ಪದ ಕೇಳಬೇಕಾಗಿತ್ತು. ಕೆಲವರಿಗೆ ಗದರಿಕೆಯೇ ಹೆಚ್ಚು ಹಿಡಿಸಿತು.

ರಘುನಂದನನಿಗೆ ಹಿಡಿಸಲಿಲ್ಲ. ಇಬ್ಬರು ಪೇದೆಗಳನ್ನು ಕರೆತಂದು ಹಸೀಬನ ಎರಡೂ ಮಿಷಿನ್ನು ಎತ್ತಿಸಿಕೊಂಡು ಹೋದ. ಸೋಬಾನೆ ಹೇಳಿದರೆ ಜೈಲಂತೆ ಎಂಬ ಸುದ್ದಿ ಊರೂರಿಗೆ ಹಬ್ಬಿತು. ಹೆಂಗಸರು ಹೆದರಿದರು. ಮದುವೆಗಳಲ್ಲಿ ಬಾಯಿ ಮುಚ್ಚಿ ಕೂತು ಕಂಪನಿಯ ಕ್ಯಾಸೆಟ್ಟು ಕೇಳತೊಡಗಿದರು. ಹಸೀಬ ಬರಿದಾದ ಮೇಜನ್ನು ಒರೆಸುತ್ತಾ ಕೂರುತ್ತಿದ್ದ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಜಯಲಕ್ಷ್ಮಮ್ಮನಿಗೆ ಅನ್ನಿಸುತ್ತಿತ್ತು. ತನ್ನಿಂದ ಅವನ ಅನ್ನಕ್ಕೆ ಕಲ್ಲು ಬಿತ್ತಲ್ಲ.

ಅಷ್ಟರಲ್ಲಿ ರಘುನಂದನನ ತಂಗಿ ರಮ್ಯಳ ಮದುವೆ ಬಂತು, ಶ್ರೀರಂಗಪಟ್ಟಣದ ಛತ್ರದಲ್ಲಿ. ಕರೆಯಲು ಬಂದ ಚಲುವಮ್ಮ ಹೊಸ್ತಿಲಲ್ಲೇ ಅಳುತ್ತಾ ನಿಂತಳು.

"ಬತ್ತೀನಿ," ಎಂದಳು ಜಯಲಕ್ಷ್ಮಮ್ಮ. "ಆದ್ರೆ ಬಾಯಿ ಬುಡಕಿಲ್ಲ. ನನ್ನ ಬಾಯಿ ಆ ಸಹಿ ಕಾಗದದ ಜೊತೆ ನಿನ್ ಮಗನ ಬೀರೂನಲ್ಲಿ ಅದೆ."

ಹೇಳಿದ ಹಾಗೇ ಮಾಡಿದಳು. ಧಾರೆಯಾಯಿತು, ಊಟವಾಯಿತು. ಹೊಣಕೆರೆಯ ಹೆಂಗಸರೆಲ್ಲ ಅವಳ ಪಕ್ಕ ಸಾಲಾಗಿ, ತುಟಿ ಬಿಗಿದು ಕೂತಿದ್ದರು. ಹೆಣ್ಣೊಪ್ಪಿಸುವ ಹೊತ್ತಿಗೆ ರಘುನಂದನ್ ತನ್ನ ಕ್ಯಾಸೆಟ್ಟು ಹಾಕಿಸಿದ. ಛತ್ರದ ತುಂಬ ಜಯಲಕ್ಷ್ಮಮ್ಮನದೇ ದನಿ: ನಮ್ಮ ಶ್ವೇತ ಇನ್ನೂ ಕೈಯಳತೆ ಕಲಿತಿಲ್ಲ.

ಗಂಡಿನ ಕಡೆಯವನೊಬ್ಬ, "ಯಾರ್ಲಾ ಅದು ಸ್ವೇತ? ಹುಡ್ಗೀನೇ ಬದ್ಲಾಯ್ಸ್ಬುಟ್ರಾ?" ಎಂದ. ಅತ್ತ ಕಡೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ರಮ್ಯ ತಲೆ ಬಗ್ಗಿಸಿದವಳು ಎತ್ತಲಿಲ್ಲ.

ರಘುನಂದನ್ ಕ್ಯಾಸೆಟ್ಟು ನಿಲ್ಲಿಸಿ ಜಯಲಕ್ಷ್ಮಮ್ಮನ ಮುಂದೆ ಬಂದು ನಿಂತ. "ದೊಡ್ಡವ್ವ, ಇದೊಂದ್ಸಲ ಹಾಡ್ಬುಡು. ಮನೆ ಮದುವೆ ಅಲ್ವಾ. ನಾನೇ ಪರ್ಮಿಷನ್ ಕೊಡ್ತಿದೀನಿ."

"ಥೂ ನಿನ್ ಪರ್ಮೀಸನ್ನಿಗೆ. ನಿನ್ ತಂಗಿಗೆ ಒಂದ್ ಕಾನೂನು, ಚಿನಕುರಳಿ ಉಡ್ಗೀಗೆ ಒಂದ್ ಕಾನೂನಾ? ಎಲ್ಲಾರೂ ಯೋಳ್ಕಬೋದು ಅಂತ ಇಷ್ಟು ಜನದ ಮುಂದೆ ಯೋಳು. ಈಗ್ಲೇ ಸುರು ಮಾಡ್ತೀನಿ."

ಅವನು ಹೇಳಲಿಲ್ಲ. ಇವಳು ಹಾಡಲಿಲ್ಲ. ಚಲುವಮ್ಮ ಇಬ್ಬರ ಮುಖವನ್ನೂ ನೋಡಿ ಸೆರಗು ಬಾಯಿಗೆ ತುರುಕಿಕೊಂಡಳು. ಜಯಲಕ್ಷ್ಮಮ್ಮ ತಾನೇ ಕಾಲ ಮೇಲೆ ಹಾಕಿಕೊಂಡು ನೀರು ಹುಯ್ದ ಕೂಸು ರಮ್ಯ. ಆದರೂ ಮಣಿಯಲು ಮನಸ್ಸಾಗಲಿಲ್ಲ. ಇವನ ದೆಸೆಯಿಂದ ನಾನು ಈ ಮಗುವಿಗೂ ಕೆಟ್ಟವಳಾದೆನಲ್ಲ ಎಂದು ಹಲ್ಲು ಕಡಿದಳು.

ಆಗ ರಮ್ಯ ತಲೆಯೆತ್ತಿದಳು. ಮದುವೆ ಹುಡುಗಿ ತನ್ನನ್ನು ಒಪ್ಪಿಸುವ ಪದವನ್ನು ತಾನೇ ಹೇಳಿದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಅತ್ತೆಯ ಕೈಯಲ್ಲಿ ಕೈಯಿಟ್ಟುಕೊಂಡೇ, ಒಡೆದ ದನಿಯಲ್ಲಿ ಎತ್ತಿಕೊಂಡಳು:

ಉಪ್ಪು ಹೆಚ್ಚಾದರೆ ಬಯ್ಯಬ್ಯಾಡಿ ಬೀಗರೆ,
ನಿಮ್ಮ ರಮ್ಯ ಇನ್ನೂ ಕೈಯಳತೆ ಕಲಿತಿಲ್ಲ...

ಹೇಳಿ, ಅಣ್ಣನ ಕಡೆ ತಿರುಗಿದಳು. "ಕೇಸ್ ಹಾಕಣ್ಣ. ನನ್ ಮೇಲೂ ಹಾಕು."

ನಮ್ಮ ಎಂದಿದ್ದುದನ್ನು ಅವಳು ನಿಮ್ಮ ಮಾಡಿದ್ದಳು. ನನ್ನ ಪದಕ್ಕೆ ಕೈ ಹಾಕಿದಳಲ್ಲ ಎಂದು ಜಯಲಕ್ಷ್ಮಮ್ಮನಿಗೆ ಒಂದು ಗಳಿಗೆ ರೇಗಿತು. ಮರುಗಳಿಗೆಗೆ ನೋಡಿದರೆ ಅತ್ತೆಯಾದವಳು ರಮ್ಯಳನ್ನು ಎದೆಗೆ ಅವುಚಿಕೊಂಡು ಬಿಕ್ಕುತ್ತಿದ್ದಳು. ಇದು ಇಷ್ಟು ವರ್ಷ ತನಗೆ ಯಾಕೆ ಹೊಳೆಯಲಿಲ್ಲ? ಜಯಲಕ್ಷ್ಮಮ್ಮ ಎದ್ದು ನಿಂತಳು. ರಮ್ಯ ಹೇಳಿದ ಹಾಗೇ, ನಿಮ್ಮ ರಮ್ಯ ಎಂದೇ, ಛತ್ರದ ಸೂರು ಹಾರುವಂತೆ ಎತ್ತಿದಳು. ಹಿಂದಿನಿಂದ ಚಲುವಮ್ಮ ಎತ್ತಿಕೊಂಡಳು, ಅವಳ ಹಿಂದೆ ಹೊಣಕೆರೆಯ ಅಷ್ಟೂ ಹೆಂಗಸರು. ರಘುನಂದನ್ ನೆಲ ನೋಡುತ್ತಾ ನಿಂತಿದ್ದ.

ಹೆಣ್ಣು ಹೊರಟ ಮೇಲೆ ಅವನು ತಟ್ಟೆಯಲ್ಲಿ ಎಲೆ ಅಡಿಕೆ, ಸೀರೆ ಇಟ್ಟುಕೊಂಡು ಅವಳ ಹತ್ತಿರ ಬಂದ. ಜಯಲಕ್ಷ್ಮಮ್ಮ ಕೈ ಚಾಚಲಿಲ್ಲ.

"ಮೊದ್ಲು ಹಸೀಬನ ಮಿಸಿನ್ನು ತಕ್ಕೊಂಡೋಗಿ ಅವನ ಅಂಗ್ಡೀಲಿ ಇಟ್ಟು ಬಾ," ಎಂದಳು. "ಆಮೇಲೆ ನನ್ನ ದೊಡ್ಡವ್ವ ಅನ್ನು."