ಹೊರಗೆ ಕೂತ ಅತ್ತೆ

ನಮ್ಮತ್ತೆಯ ನೆತ್ತಿಯ ಮೇಲೆ ಅಂಗೈಯಗಲ ಕೂದಲಿರಲಿಲ್ಲ. ಮೀನಿನ ಬುಟ್ಟಿ ಹೊತ್ತು ಹೊತ್ತು ಸವೆದ ಜಾಗ ಅದು. ತೆಕ್ಕಟ್ಟೆಯ ಯಾವ ಮನೆಯೆದುರು ನಿಂತು "ಹ್ವಾಯ್, ಬಂಗ್ಡಿ ಬಂತ್ ಕಾಣಿ" ಎಂದು ಕೂಗಿದರೂ ಆಚೆ ಕೇರಿಯವರು ಪಾತ್ರೆ ಹಿಡಿದು ಬರುತ್ತಿದ್ದರು. ಚೌಕಾಸಿ ಮಾಡಿದವರಿಗೆ ಅವರು ಹೇಳುತ್ತಿದ್ದ ಮಾತು ಬರೆಯುವಂಥದ್ದಲ್ಲ. ಅಂಥ ಬಾಯಿಗೆ ಒಂದು ಸಂಗತಿ ಮಾತ್ರ ಹೇಳಲಾಗಲಿಲ್ಲ.

ಮನೆಯಲ್ಲಿ ಮುಟ್ಟುಮೈಲಿಗೆಯ ಕಟ್ಟುನಿಟ್ಟು ಅವರದ್ದೇ. ಮುಟ್ಟಾದರೆ ನಾನು ಜಗಲಿಯಲ್ಲೇ ಕೂರಬೇಕು, ಮಗಳನ್ನೂ ಎತ್ತಿಕೊಳ್ಳುವಂತಿಲ್ಲ. ಮಗಳಿಗಾಗ ಎರಡು ವರ್ಷ. ಅಜ್ಜಿಯ ಸೊಂಟದಿಂದ ಇಳಿಯದ ಕೂಸು. ಆ ವರ್ಷ ಮಳೆಗಾಲ ಮುಗಿಯುವಾಗ ಅತ್ತೆ ಇದ್ದಕ್ಕಿದ್ದಂತೆ ಜಗಲಿಯಲ್ಲಿ ಚಾಪೆ ಹಾಸಿಕೊಂಡರು. "ಮೊಣಕಾಲ್ ನೋವ್, ಮೆಟ್ಲ್ ಹತ್ತುಕ್ ಆತಿಲ್ಲೆ" ಎಂದರು. ಮಗು ಕೈಚಾಚಿದರೆ ಗದರಿ ಓಡಿಸುತ್ತಿದ್ದರು. ನನ್ನ ಮೇಲಿನ ಸಿಟ್ಟನ್ನು ಮಗುವಿನ ಮೇಲೆ ತೀರಿಸುತ್ತಿದ್ದಾರೆಂದು ನಾನೂ ಮುಖ ಊದಿಸಿಕೊಂಡು ಓಡಾಡಿದೆ.

ಒಂದು ಬೆಳಿಗ್ಗೆ ಅವರು ಬಾವಿಕಟ್ಟೆಯ ಹಿಂದೆ ಕದ್ದು ಬಟ್ಟೆ ಒಗೆಯುತ್ತಿದ್ದರು. ನೀರೆಲ್ಲ ರಕ್ತ. "ಯಾರಿಗೂ ಹೇಳ್ಬೇಡ ಹೆಣೆ. ಈ ಪ್ರಾಯದಲ್ಲ್ ಮತ್ತೆ ಮುಟ್ಟಾಯ್ತ್ ಅಂದ್ರೆ ಊರೆಲ್ಲ ನೆಗಾಡ್ತ್ರ್" ಎಂದರು.

ನಾನು ಹಟ ಹಿಡಿದು ಕುಂದಾಪುರಕ್ಕೆ ಕರೆದೊಯ್ದೆ. ಅಲ್ಲಿಯ ಡಾಕ್ಟರು ಪರೀಕ್ಷೆ ಮಾಡಿಸಿ, ರಕ್ತ ಬರುತ್ತಿರುವುದು ಮೂತ್ರದಲ್ಲಿ, ಎಲ್ಲಿಂದ ಎಂದು ತಿಳಿಯಲು ಸಿಟಿ ಸ್ಕ್ಯಾನ್ ಆಗಬೇಕು ಎಂದರು. ಅತ್ತೆ ನಂಬಲಿಲ್ಲ. "ಗಂಡ್ಸ್ರಿಗೆ ಅದೆಲ್ಲ ಎಂತ ಗೊತ್ತ್?"

ರಕ್ತನಾಳಕ್ಕೆ ಔಷಧಿ ಬಿಟ್ಟು ಸ್ಕ್ಯಾನ್ ಮಾಡಿದರು. ಮುಗಿದರೂ ಅತ್ತೆ ಏಳಲಿಲ್ಲವಂತೆ. ಸ್ಕ್ಯಾನ್ ಮಾಡುವ ಹುಡುಗ ನನ್ನನ್ನು ಒಳಗೆ ಕರೆದ. "ಹಾಸ್ಗಿ ಎಲ್ಲ ಒದ್ದಿ ಮಾಡ್ದೆ ಹೆಣೆ" ಎಂದು ಪಿಸುಗುಟ್ಟಿದರು. "ಆ ಮಾಣಿಗೆ ಹೊರ್ಗ್ ಹೋಪುಕ್ ಹೇಳ್. ಒಂದ್ ವಸ್ತ್ರ ತಾ, ನಾನೇ ಒರ್ಸ್ತೆ." ಕೈಯಿಟ್ಟು ನೋಡಿದೆ. ಹಾಸಿಗೆ ಒಣಗಿಯೇ ಇತ್ತು. ಆ ಔಷಧಿ ಮೈಗೇರುವಾಗ ಉಚ್ಚೆ ಹೋದ ಹಾಗೆ ಬೆಚ್ಚಗಾಗುವುದು ಸಾಮಾನ್ಯ ಎಂದು ನರ್ಸ್ ಎಷ್ಟು ಹೇಳಿದರೂ ಅತ್ತೆ ಮುಖ ಮುಚ್ಚಿಕೊಂಡೇ ಹೊರಬಂದರು. ಊರನ್ನೇ ಗದರಿಸುತ್ತಿದ್ದವರು ಹಾಗೆ ಮುದುಡಿ ಕೂತದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಇವರ ಮೇಲೆಯೇ ನಾನು ಸಿಟ್ಟು ಮಾಡಿಕೊಂಡಿದ್ದೆನಲ್ಲ.

ಮೂತ್ರಪಿಂಡದಲ್ಲಿ ಗಡ್ಡೆ. ಶ್ವಾಸಕೋಶಕ್ಕೂ ಹರಡಿತ್ತು. ಮೊದಲೇ ಬರಬೇಕಿತ್ತು ಎಂದರು ಡಾಕ್ಟರು. ಅತ್ತೆ ಕೇಳಿದ್ದು ಒಂದೇ.

"ಹಂಗಾರೆ ಅದ್ ಮುಟ್ಟ್ ಅಲ್ದಾ?"

"ಅಲ್ಲಮ್ಮ."

ಮನೆಗೆ ಬಂದು ತಲೆಗೆ ಮಿಂದವರೇ ಮೊಮ್ಮಗಳನ್ನು ಎತ್ತಿಕೊಂಡರು. ನಾವು ಅಳುತ್ತಿದ್ದೆವು, ಅವರು ಕೂಸಿನ ಹೊಟ್ಟೆಗೆ ಮೂಗು ತಿಕ್ಕಿ ನಗಿಸುತ್ತಿದ್ದರು.

ಕೊನೆಕೊನೆಗೆ ಅತ್ತೆ ಮಲಗಿದಲ್ಲೇ ಆದರು. ನಾನು ಮುಟ್ಟಾಗಿ ಎಂದಿನಂತೆ ಜಗಲಿಯಲ್ಲಿ ಕೂತಿದ್ದ ದಿನ ಒಳಗೆ ಮಗಳು ಒಂದೇ ಸಮನೆ ಅಳುತ್ತಿದ್ದಳು. ಎತ್ತಿಕೊಳ್ಳಲು ಅತ್ತೆಗೆ ತ್ರಾಣವಿರಲಿಲ್ಲ.

"ಅಲ್ಲ್ ಕೂಕಂಡ್ ಎಂತ ಮಾಡುದ್ ಹೆಣೆ? ಒಳ್ಗ್ ಬಾ, ಮಗೀನ್ ಎತ್ಕೋ."

ಹೊಸ್ತಿಲು ದಾಟಲು ನನಗೇ ಸಂಕೋಚ. "ಬಾ ಅಂದೆ ಅಲ್ದಾ!" ಎಂದು ಬುಟ್ಟಿ ಹೊತ್ತ ಕಾಲದ ದನಿಯಲ್ಲೇ ಗದರಿದರು. ಒಳಗೆ ಹೋದೆ.

ಆ ಕೂಸು ಈಗ ದೊಡ್ಡವಳಾಗಿದ್ದಾಳೆ. ಒಂದು ದಿನವೂ ಹೊರಗೆ ಕೂತಿಲ್ಲ.